ದೂರು ತಂದವರ ಗುಟ್ಟು

(ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಮದ್ದೂರಿನಲ್ಲಿ ಭಾಷಣವಿದೆ ಎಂದಾಗ ಮೈಸೂರಿನ ಗೆಳತಿಯೊಬ್ಬಳು ‘ಬರುವಾಗ ವಡೆ ಕಟ್ಟಿಸಿಕೊಂಡು ಬಾ’ ಎಂದಳು. ಇದು ವಡೆಯ ಮದ್ದೂರಲ್ಲ ಕಣೇ, ಚೆಕ್‌ಪೋಸ್ಟಿನ ಮದ್ದೂರು ಎಂದು ತಿಳಿಹೇಳಬೇಕಾಯಿತು. ರಾತ್ರಿ 9ಕ್ಕೆ ಗೇಟು ಬಿದ್ದರೆ ಬೆಳಿಗ್ಗೆ 6ರವರೆಗೆ ಮೇಲೇಳದ ಮದ್ದೂರು. 2009ರಲ್ಲಿ ಬಂಡೀಪುರದ ಕಾಡಿನೊಳಗೆ ರಾತ್ರಿ ಸಂಚಾರ ನಿಂತ ಮೇಲೆ ಗೇಟಿನ ಮುಂದೆ ಲಾರಿಗಳು ಸಾಲುಗಟ್ಟುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಒಂಬತ್ತು ಗಂಟೆ ಐದು ನಿಮಿಷಕ್ಕೆ ಬಂದ ಡ್ರೈವರು ಗಾರ್ಡಿನ ಮೇಲೆ ರೇಗುತ್ತಾನೆ. ಗಾರ್ಡಿಗೆ ಗೇಟು ಎತ್ತುವ ಅಧಿಕಾರವಿಲ್ಲ, ಬೈಗುಳ ಕೇಳುವ ಕೆಲಸ ಮಾತ್ರ ಇದೆ. ಅಲ್ಲಿ ಎರಡು ಬಗೆಯ ಗಾರ್ಡುಗಳನ್ನು ನೋಡಿದ್ದೇನೆ. ಒಬ್ಬ ‘ಏನೋ ಕುಡಿದು ಬಂದಿದ್ದೀಯಾ?’ ಎಂದು ಶುರುಮಾಡುತ್ತಾನೆ. ಇನ್ನೊಬ್ಬ ‘ಲೋಡು ಏನಪ್ಪ, ಕೋಸಾ, ಟೊಮೆಟೊನಾ?’ ಎಂದು ಕೇಳುತ್ತಾನೆ. ಎರಡನೆಯವನು ಗೇಟು ಎತ್ತುವುದಿಲ್ಲ. ಆದರೆ ತನ್ನ ಸಿಟ್ಟಿಗೆ ಕಾರಣ ಕೊಳೆಯುತ್ತಿರುವ ಟೊಮೆಟೊ, ತನ್ನ ನಡತೆಯಲ್ಲ ಎಂದು ಗಾರ್ಡಿಗೆ ಗೊತ್ತಾಯಿತಲ್ಲ ಎಂದು ಡ್ರೈವರಿಗೆ ಸಮಾಧಾನ.

ದತ್ತಿ ಇಟ್ಟವರು ‘ಮನಸ್ಸಿನ ನೆಮ್ಮದಿ’ ಕುರಿತು ಮಾತಾಡಿ ಎಂದಿದ್ದರು. ನೆಮ್ಮದಿಯ ಮೇಲೆ ಮಾತಾಡುವವರು ನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ದತ್ತಿ ಇಟ್ಟವರ ಅನುಮತಿ ಪಡೆದು ವಿಷಯವನ್ನು ಆ ಗೇಟಿನ ಕಡೆಗೆ ಸ್ವಲ್ಪ ತಿರುಗಿಸಿದ್ದೇನೆ. ನೆಮ್ಮದಿ ಕೊಡುತ್ತೇವೆ ಎಂದು ಕುರ್ಚಿ ಹಾಕಿ ಕೂತ ನಮ್ಮಂಥವರ ಮೇಲೆ, ಅಂದರೆ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು, ಮನೋವೈದ್ಯರ ಮೇಲೆ, ನಮ್ಮ ಹತ್ತಿರ ಬಂದವರೇ ದೂರು ಕೊಟ್ಟಾಗ ನಾವು ಏನು ಮಾಡಬೇಕು? ಇದು ನಮ್ಮ ವೃತ್ತಿಯ ಒಳಮನೆ ವಿಷಯ, ಊರ ಮುಂದೆ ಯಾಕೆ ಎಂದು ಕೆಲವು ಸಹೋದ್ಯೋಗಿಗಳು ಹುಬ್ಬು ಗಂಟಿಕ್ಕಿದರು. ದೂರು ಕೊಡುವವರು ನೀವು. ನಿಮ್ಮ ಮುಂದೆ ಆಡದೆ ಇನ್ನೆಲ್ಲಿ ಆಡಲಿ?

ನನ್ನ ಮೇಲೆ ಬಂದ ದೂರಿನಿಂದಲೇ ಶುರುಮಾಡುತ್ತೇನೆ.

ಈ ಕತೆ ಹೇಳಲು ದೂರು ಕೊಟ್ಟವರ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು, ಕಸುಬು ಎಲ್ಲ ಬದಲಿಸಿದ್ದೇನೆ, ಆದ್ದರಿಂದ ದಯವಿಟ್ಟು ಯಾರೂ ಅಕ್ಕಪಕ್ಕ ತಿರುಗಿ ನೋಡಬೇಡಿ. ಒಪ್ಪಿಗೆ ಕೊಡುವಾಗ ಅವರು ಒಂದು ಷರತ್ತು ಹಾಕಿದರು: ‘ನಾ ಹೇಳ್ದ ಕತ ಬ್ಯಾಡ ಕನವ್ವ. ನೀವು ಮಾಡ್ದ ಕತ ಹೇಳ್ಕಳಿ.’

ಆದ್ದರಿಂದ ನಾನು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಆಗ ನಾನೊಂದು ಸಂಸ್ಥೆಯಲ್ಲಿದ್ದೆ, ಹೆಸರು ಬೇಡ. ವಾರಕ್ಕೊಮ್ಮೆ ಈ ಸೀಮೆಯ ಒಂದು ಕೋಣೆಯಲ್ಲಿ ಕೂತು ಬಂದವರ ಜೊತೆ ಮಾತಾಡುತ್ತಿದ್ದೆ. ಒಬ್ಬರು ಒಂದೂವರೆ ತಿಂಗಳಿಂದ ತಪ್ಪದೆ ಬರುತ್ತಿದ್ದವರು ಒಂದು ವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ನನಗೆ ಆತಂಕವಾಯಿತು. ವಾಪಸು ಹೋಗುವಾಗ ಬಸ್ಸಿಗೆ ಕಾಯುತ್ತ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಪರಿಚಯದ ಆಶಾ ಕಾರ್ಯಕರ್ತೆ ಬಂದರು. ‘ಅವರು ಗುಳಿಗೆ ತಗೋತಿದ್ದಾರಾ? ಎರಡು ವಾರ ಆಯ್ತು, ಬಂದೇ ಇಲ್ಲ’ ಎಂದು ಕೇಳಿದೆ. ಇಷ್ಟೇ. ಕಾಯಿಲೆಯ ಹೆಸರು ಹೇಳಲಿಲ್ಲ, ಅವರು ನನ್ನ ಬಳಿ ಆಡಿದ ಒಂದು ಮಾತನ್ನೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ನಾನು ಯಾರು, ಯಾವ ಕೋಣೆಯಲ್ಲಿ ಕೂರುತ್ತೇನೆ ಎಂದು ಬೆಂಚಿನ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಯಾರ ಹೆಸರು ಎತ್ತಿದರೂ ಅದು ರೋಗದ ಹೆಸರನ್ನೇ ಹೇಳಿದ ಹಾಗೆ. ಬೆಂಗಳೂರಿನಲ್ಲಾದರೆ ಇದು ಗಾಳಿಗೆ ಹೋಗುವ ಮಾತು. ಇಲ್ಲಿ ಟೀ ಆರುವ ಮುಂಚೆ ಊರು ಮುಟ್ಟಿತು.

ನಮ್ಮ ಕಡೆ ಮನಸ್ಸು ಕೆಟ್ಟಿತು ಎಂದರೆ ಜನ ಏನೇನು ಕಟ್ಟುತ್ತಾರೆ ಎಂದು ನಿಮಗೆ ಗೊತ್ತು. ‘ಯಾರೋ ಮದ್ದು ಹಾಕವ್ರ’ ಎನ್ನುವವರು, ಮಾದಪ್ಪನ ಬೆಟ್ಟಕ್ಕೆ ಹರಕೆ ಹೊರಿಸಿ ಎನ್ನುವವರು, ಹೆಣ್ಣು ಕೊಟ್ಟ ಮನೆಯವರಿಗೆ ಫೋನು ಮಾಡುವವರು. ಅವರ ಮನೆಯಲ್ಲಿ ಮುರಿಯಬಾರದಾಗಿದ್ದ ಏನೋ ಒಂದು ಮುರಿಯಿತು. ಅದೇನೆಂದು ಹೇಳುವುದಿಲ್ಲ, ಅದು ಅವರ ಕತೆ.

ಹತ್ತು ದಿನದ ಮೇಲೆ ಗೆರೆ ಎಳೆದ ಪುಸ್ತಕದ ಹಾಳೆಯೊಂದು ನಮ್ಮ ಸಂಸ್ಥೆಯ ಮುಖ್ಯಸ್ಥರ ಮೇಜಿಗೆ ಬಂತು. ಬರೆದವರು ಮಗನೋ ಮಗಳೋ ಇರಬೇಕು, ಶಾಲೆಯ ಅಕ್ಷರ. ನಾಲ್ಕೇ ಸಾಲು. ಕೊನೆಯ ಸಾಲು ಪ್ರಶ್ನೆ: ನಾನು ಕೋಣೆಯಲ್ಲಿ ಹೇಳಿದ್ದು ಟೀ ಅಂಗಡಿಗೆ ಹೇಗೆ ಹೋಯಿತು?

ಮುಖ್ಯಸ್ಥರು ಹಾಳೆಯನ್ನು ನನ್ನ ಕಡೆ ತಳ್ಳಿ ನಕ್ಕರು. ‘ಅವರಿಗೆ ಸಂಶಯದ ಸ್ವಭಾವ ಅಂತ ನೀವೇ ಬರೆದಿದ್ದೀರಲ್ಲ. ಬಿಡಿ.’

ಆ ‘ಬಿಡಿ’ ಕೇಳಿ ನನಗೆ ಹಾಯೆನಿಸಿತು ಎಂದು ಒಪ್ಪಿಕೊಳ್ಳಬೇಕು. ಆ ಹಾಯೆನಿಸಿದ ಘಳಿಗೆಯ ಬಗ್ಗೆಯೇ ಇವತ್ತು ಹೆಚ್ಚು ಮಾತಾಡಬೇಕಾಗಿರುವುದು.

ಬೇರೆ ವೃತ್ತಿಗಳವರ ಮೇಲೂ ದೂರು ಬರುತ್ತದೆ. ಲೈನ್‌ಮನ್ ಮೇಲೆ ದೂರು ಬಂದರೆ ಆತ ‘ದೂರು ಕೊಟ್ಟವನು ಸರಿಯಿಲ್ಲ’ ಎನ್ನಬಹುದು, ಆದರೆ ಅದಕ್ಕೆ ಅವನ ಬಳಿ ಸರ್ಟಿಫಿಕೇಟು ಇರುವುದಿಲ್ಲ. ನಮ್ಮ ಬಳಿ ಇರುತ್ತದೆ. ದೂರು ಕೊಟ್ಟವರ ತಲೆ ಸರಿಯಿಲ್ಲ ಎಂದು ಸೀಲು ಹಾಕಿ ಬರೆದ ಕಾಗದ ನಮ್ಮ ಕಪಾಟಿನಲ್ಲೇ ಇದೆ, ಬರೆದವರೂ ನಾವೇ. ಇಂಥ ಆಯುಧ ಇನ್ನಾವ ವೃತ್ತಿಗೂ ಇಲ್ಲ. ಸಿಟ್ಟು ಮಾಡಿದರೆ ಕಾಯಿಲೆ ಹೆಚ್ಚಾಗಿದೆ, ಪ್ರಶ್ನೆ ಕೇಳಿದರೆ ಸಂಶಯ, ಬರುವುದು ಬಿಟ್ಟರೆ ಚಿಕಿತ್ಸೆಗೆ ಪ್ರತಿರೋಧ, ಹತ್ತು ಸಲ ಬಂದು ಕೇಳಿದರೆ ಗೀಳು. ಎಲ್ಲಕ್ಕೂ ಒಂದೊಂದು ಹೆಸರು ಇಟ್ಟಿದ್ದೇವೆ. ದೂರು ಎಂಬುದಕ್ಕೆ ಮಾತ್ರ ದೂರು ಎಂಬ ಹೆಸರು ಇಡುವುದಿಲ್ಲ.

ಇದು ನನ್ನೊಬ್ಬಳ ದೌರ್ಬಲ್ಯವಲ್ಲ, ನಮ್ಮ ಶಾಸ್ತ್ರ ಹುಟ್ಟಿದಾಗಿನಿಂದ ಜೊತೆಗೇ ಬಂದದ್ದು. 1900ರಲ್ಲಿ ವಿಯೆನ್ನಾದಲ್ಲಿ ಇಡಾ ಬಾವರ್ ಎಂಬ ಹದಿನೆಂಟರ ಹುಡುಗಿಯನ್ನು ಅವಳ ತಂದೆ ಸಿಗ್ಮಂಡ್ ಫ್ರಾಯ್ಡ್ ಬಳಿ ಕರೆತಂದರು. ತಂದೆಯ ಗೆಳೆಯ ತನ್ನ ಜೊತೆ ಅಸಭ್ಯವಾಗಿ ನಡೆದುಕೊಂಡ ಎಂಬುದು ಅವಳ ದೂರು. ಹುಡುಗಿಯ ಕಲ್ಪನೆ ಎಂದು ಮನೆಯವರು ತಳ್ಳಿಹಾಕಿದ್ದರು. ಘಟನೆ ನಡೆದದ್ದು ನಿಜ ಎಂದು ಫ್ರಾಯ್ಡ್ ನಂಬಿದರು, ಅಷ್ಟರಮಟ್ಟಿಗೆ ಮನೆಯವರಿಗಿಂತ ಮೇಲು. ಆದರೆ ಆ ಹುಡುಗಿಗೆ ಆದ ಹೇಸಿಗೆಯನ್ನೇ ಅವರು ರೋಗಲಕ್ಷಣವೆಂದು ಓದಿದರು. ವರ್ಷದ ಕೊನೆಯ ದಿನ ಅವಳು ಇನ್ನು ಬರುವುದಿಲ್ಲ ಎಂದು ಹೇಳಿ ಎದ್ದುಹೋದಳು. ಫ್ರಾಯ್ಡ್ ಅದಕ್ಕೂ ಅರ್ಥ ಹಚ್ಚಿ, 1905ರಲ್ಲಿ ‘ಡೋರಾ’ ಎಂಬ ಹೆಸರಿಟ್ಟು ಪ್ರಕಟಿಸಿದರು. ನಾವೆಲ್ಲ ಅದನ್ನು ಪಠ್ಯವಾಗಿ ಓದಿ ಪಾಸಾದವರು.

ಸುಮಾರು ಎಂಬತ್ತು ವರ್ಷ ದಾಟಿ ಬನ್ನಿ. ಅಮೆರಿಕದಲ್ಲಿ ರಾಫೆಲ್ ಓಷರಾಫ್ ಎಂಬ ಮೂತ್ರಪಿಂಡ ತಜ್ಞ 1979ರಲ್ಲಿ ತೀವ್ರ ಖಿನ್ನತೆಯಿಂದ ಚೆಸ್ಟ್‌ನಟ್ ಲಾಡ್ಜ್ ಎಂಬ ಹೆಸರಾಂತ ಆಸ್ಪತ್ರೆ ಸೇರಿದರು. ಏಳು ತಿಂಗಳು ಬರೀ ಮಾತಿನ ಚಿಕಿತ್ಸೆ, ಖಿನ್ನತೆಗೆ ಮಾತ್ರೆ ಕೊಡಲಿಲ್ಲ. ಮನುಷ್ಯ ಇಳಿದುಹೋದರು. ಇನ್ನೊಂದು ಆಸ್ಪತ್ರೆಗೆ ಹೋಗಿ ಮಾತ್ರೆ ತೆಗೆದುಕೊಂಡ ಮೇಲೆ ಕೆಲವೇ ತಿಂಗಳಲ್ಲಿ ಚೇತರಿಸಿಕೊಂಡರು. ಆಮೇಲೆ ಮೊಕದ್ದಮೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು, ಆದರೆ ಅದರ ಸುತ್ತ ಮನೋವೈದ್ಯಲೋಕವೇ ಎರಡು ಪಂಗಡವಾಗಿ ಕಾದಾಡಿತು. ಆಸ್ಪತ್ರೆಯ ಕಡೆಯವರ ವಾದ ಏನು ಗೊತ್ತೇ? ಆತನದು ಆತ್ಮಮೋಹದ ವ್ಯಕ್ತಿತ್ವ ದೋಷ ಎಂದು ಮೊದಲೇ ಗುರುತಿಸಿದ್ದೆವು. ದೂರು ಕೊಟ್ಟವನು ಸ್ವತಃ ವೈದ್ಯನಾಗಿದ್ದರೂ ಗತಿ ಇದು. ಹಾಳೆಯ ಮೇಲೆ ಮಕ್ಕಳ ಕೈಲಿ ನಾಲ್ಕು ಸಾಲು ಬರೆಸಿದವರ ಗತಿ ಏನು?

ಕನ್ನಡದ ‘ದೂರು’ ಮತ್ತು ‘ದೂರ’ ಬೇರೆ ಬೇರೆ ಮೂಲದ ಪದಗಳು, ಒಂದು ನಮ್ಮದೇ, ಇನ್ನೊಂದು ಸಂಸ್ಕೃತದ್ದು. ಆದರೂ ಈ ಸೀಮೆಯಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ದೂರು ಕೊಡಬೇಕೆಂದರೆ ದೂರ ಹೋಗಬೇಕು. ಗುಂಡ್ಲುಪೇಟೆಗೆ ಹೋದರೆ ಚಾಮರಾಜನಗರ ಎನ್ನುತ್ತಾರೆ, ಚಾಮರಾಜನಗರದಲ್ಲಿ ಬೆಂಗಳೂರು ಎನ್ನುತ್ತಾರೆ, ಬೆಂಗಳೂರಿಗೆ ಇನ್ನೂರು ಕಿಲೋಮೀಟರು. ಕೋರ್ಟು ಕಚೇರಿಯಲ್ಲಿ ‘ಫಿರ್ಯಾದು’ ಎಂಬ ಪದವೂ ಇದೆ. ಅದು ಪಾರಸಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಅಳಲು, ಮೊರೆ ಎಂದೇ ಅರ್ಥ. ನಮ್ಮ ಕಚೇರಿಗಳು ಮೊರೆಯನ್ನು ತೆಗೆದು ಫಾರಂ ನಂಬರನ್ನು ಉಳಿಸಿಕೊಂಡಿವೆ.

ದೂರನ್ನು ಹೇಗೆ ಕೇಳಬಾರದು ಎಂಬುದನ್ನು ಈ ಜಿಲ್ಲೆಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಬೆಳಗಾಗುವಾಗ 24 ಜನ ಸತ್ತ ಸುದ್ದಿ. ಅದರಲ್ಲಿ ಆಮ್ಲಜನಕವಿಲ್ಲದೆ ಸತ್ತವರು ಮೂರೇ ಜನ ಎಂಬ ಮಾತು ಸರ್ಕಾರದ ಕಡೆಯಿಂದ ಬಂತು. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿ ಲೆಕ್ಕ ಹಾಕಿದಾಗ ಸಂಖ್ಯೆ 36. ಮೂರು, ಇಪ್ಪತ್ತನಾಲ್ಕು, ಮೂವತ್ತಾರು. ಈ ಸಂಖ್ಯೆ ಏರಿದ್ದು ಜನ ಉತ್ಪ್ರೇಕ್ಷೆ ಮಾಡಿದ್ದರಿಂದಲ್ಲ. ಮೊದಲು ಕೇಳಿಸಿಕೊಂಡವರು ಪಾರಾಗುವುದಕ್ಕಾಗಿ ಕೇಳಿಸಿಕೊಂಡಿದ್ದರಿಂದ. ನನ್ನ ನಾಲ್ಕು ಸಾಲಿನ ಹಾಳೆಯನ್ನು ಆ ದುರಂತದ ಪಕ್ಕದಲ್ಲಿ ಇಡುವುದು ಸರಿಯಲ್ಲ, ತೂಕ ಬೇರೆ ಬೇರೆ. ಆದರೆ ‘ಬಿಡಿ’ ಎಂಬ ಮಾತಿಗೂ ‘ಮೂರೇ’ ಎಂಬ ಮಾತಿಗೂ ನೆಂಟಸ್ತನ ಇದೆ.

ಮತ್ತೆ ನನ್ನ ಕತೆಗೆ ಬರುತ್ತೇನೆ. ‘ಬಿಡಿ’ ಎಂದರೂ ನಾನು ಬಿಡಲಿಲ್ಲ. ಒಳ್ಳೆಯತನದಿಂದ ಅಲ್ಲ, ಮಾನ ಹೋಯಿತೆಂಬ ಉರಿಯಿಂದ. ಆ ರಾತ್ರಿ ಕೂತು ಮೂರು ಪುಟದ ಉತ್ತರ ಬರೆದೆ. ಅಚ್ಚುಕಟ್ಟಾದ ಉತ್ತರ. ನಾನು ಎಷ್ಟು ಕಾಳಜಿಯಿಂದ ಕೇಳಿದೆ, ನನಗೆ ಯಾಕೆ ಆತಂಕವಾಗಿತ್ತು ಎಂದು ವಿವರಿಸಲು ಅವರು ಕೋಣೆಯಲ್ಲಿ ನನಗೆ ಹೇಳಿದ್ದನ್ನೆಲ್ಲ ಒಂದೊಂದಾಗಿ ಅದರಲ್ಲಿ ಇಳಿಸಿದೆ. ಬೆಳಿಗ್ಗೆ ನನಗೆ ಈ ವೃತ್ತಿ ಕಲಿಸಿದ ಹಿರಿಯರಿಗೆ ಹೆಸರು ಗುರುತು ಬಿಟ್ಟು ಫೋನಿನಲ್ಲಿ ಓದತೊಡಗಿದೆ. ಮೊದಲ ಪುಟ ಮುಗಿಯುವ ಮುಂಚೆ ಅವರು ತಡೆದರು.

‘ಅವರು ಏನು ಕೇಳಿದ್ದಾರೆ?’

‘ಟೀ ಅಂಗಡಿಗೆ ಹೇಗೆ ಹೋಯಿತು ಅಂತ.’

‘ನೀನು ಬರೆದಿರೋದರಲ್ಲಿ ಟೀ ಅಂಗಡಿ ಎಲ್ಲಿದೆ?’

ಇರಲಿಲ್ಲ. ಮೂರು ಪುಟದಲ್ಲಿ ಅವರ ಬಾಲ್ಯ ಇತ್ತು, ಸಾಲ ಇತ್ತು, ನಿದ್ದೆ ಇಲ್ಲದ ರಾತ್ರಿಗಳಿದ್ದವು. ನಾನು ಬೆಂಚಿನ ಮೇಲೆ ಕೂತು ಬಾಯಿ ಬಿಟ್ಟದ್ದು ಮಾತ್ರ ಇರಲಿಲ್ಲ. ಗುಟ್ಟು ಬಿಟ್ಟುಕೊಟ್ಟೆ ಎಂಬ ದೂರಿಗೆ ಉತ್ತರವಾಗಿ ಇನ್ನೂ ಹತ್ತು ಗುಟ್ಟು ಬಿಟ್ಟುಕೊಡಲು ಹೊರಟಿದ್ದೆ. ಮುಖ್ಯಸ್ಥರು, ಅವರ ಗುಮಾಸ್ತರು, ಟಪಾಲು ರಿಜಿಸ್ಟರು ಬರೆಯುವ ಹುಡುಗ, ಎಲ್ಲರೂ ಓದುವ ಕಡತದಲ್ಲಿ.

ಈ ಒಂದು ವಿಷಯವನ್ನು ಕಿರಿಯ ಸಹೋದ್ಯೋಗಿಗಳಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ. ದೂರು ಬಂದ ಕೂಡಲೇ ನಮಗೂ ಅವರಿಗೂ ಇದ್ದ ಋಣ ಹರಿದುಹೋಯಿತು, ಇನ್ನು ನಾವು ವಾದಿ ಪ್ರತಿವಾದಿ ಎಂದು ಅನ್ನಿಸುತ್ತದೆ. ಹರಿಯುವುದಿಲ್ಲ. ನಮ್ಮನ್ನು ನಂಬಿ ಹೇಳಿದ್ದು ನಂಬಿಕೆ ಹೋದ ಮೇಲೂ ಅವರದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ತೆಗೆದು ನೋಡಿ. ಗೋಪ್ಯ ಮಾತನ್ನು ಯಾವಾಗ ಹೊರಗೆ ಹೇಳಬಹುದು ಎಂದು ಅಲ್ಲಿ ಪಟ್ಟಿಯಿದೆ. ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಹೇಳಬಹುದು, ಅದೂ ಬೇಕಾದಷ್ಟೇ. ಚಿಕಿತ್ಸೆ ಕೊಡುವ ಇತರರಿಗೆ, ರೋಗಿ ತಾನೇ ನೇಮಿಸಿಕೊಂಡ ಪ್ರತಿನಿಧಿಗೆ ಹೇಳಬಹುದು. ಕೋರ್ಟೋ ಮಂಡಳಿಯೋ ಆದೇಶ ಮಾಡಿದರೆ ಹೇಳಬಹುದು. ಸಾರ್ವಜನಿಕ ಸುರಕ್ಷತೆಯ ಮಾತೂ ಇದೆ. ‘ಚಿಕಿತ್ಸಕರ ಮಾನ ಉಳಿಸಿಕೊಳ್ಳಲು’ ಎಂಬ ಸಾಲು ಆ ಪಟ್ಟಿಯಲ್ಲಿ ಇಲ್ಲ. ವಿಚಾರಣೆ ಮಾಡುವ ಮಂಡಳಿ ಕೇಳಿದರೆ ಕೇಳಿದಷ್ಟು ಕೊಡಬೇಕು. ಕೇಳದಿದ್ದದ್ದನ್ನು ನಮ್ಮ ಪರವಾಗಿ ಸಾಕ್ಷಿ ಹೇಳಲು ಎಳೆದುಕೊಂಡು ಬರುವಂತಿಲ್ಲ. ಅದರಿಂದ ವಿಚಾರಣೆಯಲ್ಲಿ ನಮಗೆ ನಷ್ಟವಾದರೂ ಸರಿಯೇ? ನನ್ನ ಮಟ್ಟಿಗೆ ಹೌದು. ವಕೀಲರು ಒಪ್ಪುವುದಿಲ್ಲ. ವಕೀಲರ ಕೆಲಸ ಬೇರೆ.

ಎರಡನೆಯ ಸಲ ಬರೆದ ಉತ್ತರ ಅರ್ಧ ಪುಟ. ಯಾವ ದಿನ, ಎಲ್ಲಿ, ಯಾರ ಮುಂದೆ, ಏನು ಕೇಳಿದೆ, ಅದು ಯಾಕೆ ತಪ್ಪು. ‘ನಿಮಗೆ ನೋವಾಗಿದ್ದರೆ ಕ್ಷಮಿಸಿ’ ಎಂದು ಬರೆದಿದ್ದೆ. ಹಿರಿಯರು ಆ ‘ಆಗಿದ್ದರೆ’ಯನ್ನು ಹೊಡೆದುಹಾಕಿಸಿದರು. ಅಷ್ಟು ಸಣ್ಣ ಪದದೊಳಗೆ ಎಷ್ಟು ದೊಡ್ಡ ಕಳ್ಳ ಅಡಗಿರುತ್ತಾನೆ ನೋಡಿ.

ಆ ವಾರ ಇನ್ನೂ ಮೂರು ಆಸೆಗಳು ಬಂದವು. ಕೇಸ್ ಫೈಲು ತೆಗೆದು, ಆ ವಾರದ ಟಿಪ್ಪಣಿಗೆ ‘ರೋಗಿಯ ಸುರಕ್ಷತೆಗಾಗಿ ವಿಚಾರಿಸಲಾಯಿತು’ ಎಂದು ಒಂದು ಸಾಲು ಸೇರಿಸಿಬಿಡೋಣ ಎನಿಸಿತು. ಹಳೆಯ ತಾರೀಕಿನ ಪಕ್ಕ ಜಾಗವೂ ಇತ್ತು, ಅದೇ ಬಣ್ಣದ ಪೆನ್ನೂ ಇತ್ತು. ಮುಟ್ಟಲಿಲ್ಲ. ದೂರು ಬಂದ ಮೇಲೆ ಕಡತಕ್ಕೆ ಏನೇ ಸೇರಿಸಿದರೂ ಅವತ್ತಿನ ತಾರೀಕು ಹಾಕಿಯೇ ಸೇರಿಸಬೇಕು, ಹಳೆಯದನ್ನು ತಿದ್ದುವುದೆಂದರೆ ಸಾಕ್ಷಿಗೆ ಮದ್ದು ಹಾಕಿದ ಹಾಗೆ. ಅವರು ತಮ್ಮ ದಾಖಲೆಯ ನಕಲು ಕೇಳಿದರೆ ಕೊಡಬೇಕು, ಅದು ಅವರ ಹಕ್ಕು, 25ನೇ ಕಲಂ.

ಆಶಾ ಕಾರ್ಯಕರ್ತೆಯನ್ನೇ ಅವರ ಮನೆಗೆ ಕಳಿಸಿ, ‘ಅವ್ವಾರು ಒಳ್ಳೆಯವರು, ವಾಪಸು ತಗೊಳ್ಳಿ’ ಎಂದು ಹೇಳಿಸೋಣ ಎಂಬುದು ಎರಡನೆಯದು. ಇಲ್ಲವೇ ಊರಿನ ಯಜಮಾನರಿಗೆ ಒಂದು ಮಾತು. ಹಳ್ಳಿಯಲ್ಲಿ ಇದು ಸಹಜವಾದ ದಾರಿ, ಸಜ್ಜನರ ದಾರಿ ಎಂದೇ ಹೆಸರು. ಯೋಚಿಸಿ ನೋಡಿದರೆ ಇದಕ್ಕಿಂತ ಕ್ರೂರವಾದದ್ದು ಇಲ್ಲ. ಊರಿಗೆ ಗೊತ್ತಾಯಿತು ಎಂದು ನೊಂದವರ ಮನೆ ಬಾಗಿಲಿಗೆ ಮತ್ತೆ ಊರನ್ನೇ ಕಳಿಸುವುದು. ಈ ವಿಷಯದಲ್ಲಿ ಸೋಲಿಗರ ಪೋಡುಗಳನ್ನು, ಅಂದರೆ ಕಾಡಿನ ಹಾಡಿಗಳನ್ನು, ನೋಡಿ: ಅಲ್ಲಿನ ಹಳೆಯ ನ್ಯಾಯದ ಕ್ರಮದಲ್ಲಿ ಯಜಮಾನ, ಪಟ್ಟಗಾರ, ಕೋಲುಕಾರ, ಚಾಲುವಾದಿ, ತಮ್ಮಡಿ ಎಂದು ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಸುದ್ದಿ ಮುಟ್ಟಿಸುವವನು ಕೋಲುಕಾರ, ನ್ಯಾಯ ಹೇಳುವವನು ಬೇರೆ. ಆ ಕ್ರಮವನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ಹೊರಟಿಲ್ಲ, ಹೆಣ್ಣುಮಕ್ಕಳಿಗೆ ಅಲ್ಲಿ ಎಷ್ಟು ಮಾತು ಸಿಗುತ್ತಿತ್ತು ಎಂದು ಕೇಳಬೇಕಾಗುತ್ತದೆ. ಆದರೆ ಆಪಾದಿತನೇ ಕೋಲುಕಾರನೂ ಆಗಬಾರದು ಎಂಬಷ್ಟು ವಿವೇಕ ಅದರಲ್ಲಿತ್ತು. ದೂರಿಗೆ ಗುರಿಯಾದವರು ದೂರು ಕೊಟ್ಟವರ ಬಳಿಗೆ ತಾವೇ ಹೋಗಬಾರದು, ಆಳನ್ನೂ ಕಳಿಸಬಾರದು. ಹೇಳಬೇಕಾದ್ದನ್ನು ವಿಚಾರಿಸುವವರ ಮೂಲಕ ಹೇಳಬೇಕು.

ಮೂರನೆಯದು ಸೂಕ್ಷ್ಮ. ‘ನನ್ನ ಮೇಲೆ ನಂಬಿಕೆ ಇಲ್ಲ ಎಂದ ಮೇಲೆ ಇನ್ನು ಬರುವುದು ಬೇಡ’ ಎಂದು ಫೈಲು ಮುಚ್ಚುವ ಆಸೆ. ನೀತಿಯ ಹಾಗೆ ಕಾಣುತ್ತದೆ, ಒಳಗಿರುವುದು ಸೇಡು. ಗುಳಿಗೆ ತಗೊಳ್ಳುತ್ತಿರುವ ಮನುಷ್ಯನನ್ನು ದೂರು ಕೊಟ್ಟ ಎಂಬ ಕಾರಣಕ್ಕೆ ನಡುದಾರಿಯಲ್ಲಿ ಇಳಿಸುವಂತಿಲ್ಲ. ಬೇರೊಬ್ಬರ ಬಳಿ ವ್ಯವಸ್ಥೆ ಆಗಬೇಕು, ಅವರು ಒಪ್ಪಿದರೆ. ಆಯಿತು, ಮುಖ್ಯಸ್ಥರ ಕಚೇರಿಯ ಮೂಲಕ. ಬೇರೊಂದು ಊರಿನಲ್ಲಿ.

ಇಲ್ಲಿಯವರೆಗೆ ಹೇಳಿದ್ದು ತಪ್ಪು ಮಾಡಿ ಸಿಕ್ಕಿಬಿದ್ದವಳ ಕತೆ. ಮಾಡದ ತಪ್ಪಿಗೆ ದೂರು ಬಂದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಬರುತ್ತವೆ. ಗಂಡ ಹೆಂಡತಿಯ ಜಗಳದಲ್ಲಿ ಒಬ್ಬರ ಪರ ವಹಿಸಿದೆವು ಎಂದು ಬರುತ್ತವೆ, ಮಗಳು ಹೇಳಿದ್ದನ್ನು ಅಪ್ಪನಿಗೆ ಹೇಳಲಿಲ್ಲ ಎಂದೇ ಬರುತ್ತವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸಿದರೆ ಮನೆಯವರು ನಮ್ಮ ಮೇಲೆ ಹರಿಹಾಯುತ್ತಾರೆ. ಅಲ್ಲಿ ನಾವು ತಲೆ ತಗ್ಗಿಸಬೇಕಾಗಿಲ್ಲ. ಆದರೆ ಉತ್ತರದ ರೀತಿ ಅದೇ: ಏನು ನಡೆಯಿತೋ ಅದು, ಯಾವ ಕಾನೂನಿನಂತೆ ಮಾಡಿದೆವೋ ಅದು. ಆ ಅಪ್ಪನ ಸ್ವಭಾವದ ವರ್ಣನೆ ಬೇಡ. ದೂರು ಸುಳ್ಳು ಎಂದು ಸಾಬೀತಾದರೂ ಕೊಟ್ಟವರ ರೋಗ ನಿಜವಾಗಿರಬಹುದು, ಅದು ನಮ್ಮ ಗೆಲುವಿನ ಪದಕವಲ್ಲ.

ಇನ್ನೊಂದು ಬಗೆಯ ದೂರಿದೆ, ಅದರ ಮುಂದೆ ನಾನು ಇಲ್ಲಿಯವರೆಗೆ ಹೇಳಿದ ಅರ್ಧ ಪುಟದ ಕ್ಷಮಾಪಣೆ ನಡೆಯುವುದಿಲ್ಲ. ಚಿಕಿತ್ಸಕನೇ ಮೈಮುಟ್ಟಿದ ದೂರು, ಕೋಣೆಯ ನಂಬಿಕೆಯನ್ನು ಹಾಸಿಗೆಯವರೆಗೆ ಎಳೆದ ದೂರು. ಅಲ್ಲಿ ರಾಜಿ ಇಲ್ಲ, ಒಳಗೊಳಗೆ ಮುಗಿಸುವುದಿಲ್ಲ, ‘ಹಿರಿಯ ವೈದ್ಯರು, ಹೆಸರು ಕೆಡುತ್ತದೆ’ ಇಲ್ಲ. ಪೊಲೀಸು, ವೃತ್ತಿಯ ಪರಿಷತ್ತು, ಎರಡೂ. ಇಂಥ ಸುದ್ದಿ ಕಿವಿಗೆ ಬಿದ್ದೂ ಸುಮ್ಮನಿದ್ದ ಸಹೋದ್ಯೋಗಿಯನ್ನು ನಾನು ನಿರಪರಾಧಿ ಎನ್ನುವುದಿಲ್ಲ. ನಮ್ಮಲ್ಲಿ ‘ನಮ್ಮವರು’ ಎಂಬ ಮಾತು ವೃತ್ತಿಯೊಳಗಿನವರಿಗೆ ಮಾತ್ರ ಬಳಕೆಯಾಗುತ್ತದೆ, ಎದುರು ಕುರ್ಚಿಯಲ್ಲಿ ಕೂತವರಿಗೆ ಅಲ್ಲ. ಇದಕ್ಕೆ ಹೊರತಾದವರೂ ಇದ್ದಾರೆ. ಬಿಳಿಗಿರಿರಂಗನಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅವರು ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರ ಕಾಲದ ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾಗಿದ್ದರು. ವೈದ್ಯನೊಬ್ಬ ವೈದ್ಯರ ಮೇಲಿನ ದೂರು ಕೇಳುವ ಕುರ್ಚಿಯಲ್ಲಿ ಕೂತದ್ದು. ಈ ಜಿಲ್ಲೆಯ ಕಾಡಿನಿಂದಲೇ ಅಂಥವರೊಬ್ಬರು ಹೋದರು ಎಂಬುದು ನನಗೆ ಹೆಮ್ಮೆ.

ಈಗ ನಿಮ್ಮ ಕಡೆಯ ಮಾತು. ಎಲ್ಲಿ ದೂರು ಕೊಡಬೇಕು? ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ದಾರಿ ಕಾಗದದ ಮೇಲೆ ಇರುವಷ್ಟು ನೆಲದ ಮೇಲೆ ಇಲ್ಲ. ಮನೋವೈದ್ಯರ ಮೇಲಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಮೇಲಾದರೆ 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಪರಿಷತ್ತು, ಅವರ ಹೆಸರು ಅಲ್ಲಿನ ನೋಂದಣಿಯಲ್ಲಿ ಇರಲೇಬೇಕು. ಆರು ತಿಂಗಳ ಕೋರ್ಸು ಮುಗಿಸಿ ‘ಕೌನ್ಸೆಲರ್’ ಎಂದು ಬೋರ್ಡು ಹಾಕಿಕೊಂಡವರ ಮೇಲೆ? ಇಷ್ಟು ದಿನ ಅದು ಬೇಲಿ ಇಲ್ಲದ ಹೊಲ. 2021ರಲ್ಲಿ ಬಂದ ಸಹ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಅವರನ್ನೂ ನೋಂದಣಿಯೊಳಗೆ ತರುವ ಬೇಲಿ ಹಾಕಲು ಹೊರಟಿದೆ. ಚಿಕಿತ್ಸೆ ಕೊಡುವ ಸಂಸ್ಥೆಯ ಮೇಲಾದರೆ 2017ರ ಕಾಯ್ದೆಯ 28ನೇ ಕಲಂ: ಸೇವೆಯಲ್ಲಿ ಕೊರತೆಯಾದರೆ ಮೊದಲು ಸಂಸ್ಥೆಯ ಮುಖ್ಯಸ್ಥರಿಗೆ, ಅ‍ಲ್ಲಿ ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶೆ ಮಂಡಳಿಗೆ, ಆಮೇಲೆ ರಾಜ್ಯ ಪ್ರಾಧಿಕಾರಕ್ಕೆ. ಗಮನಿಸಿ, ಇದನ್ನು ಕಾಯಿಲೆ ಇರುವವರ ಹಕ್ಕು ಎಂದೇ ಕಾಯ್ದೆ ಕರೆಯುತ್ತದೆ. ಕಾಯಿಲೆ ಇದೆ ಎಂಬ ಕಾರಣಕ್ಕೆ ದೂರು ಬಿದ್ದುಹೋಗುವುದಿಲ್ಲ, ಕಾಯಿಲೆ ಇರುವುದರಿಂದಲೇ ಈ ಬಾಗಿಲು ತೆರೆದಿದೆ. ಮಂಡಳಿಗೆ ಅರ್ಜಿ ಹಾಕಲು ಒಂದು ಪೈಸೆ ಶುಲ್ಕವಿಲ್ಲ. ವಿಶೇಷ ಸಂದರ್ಭದಲ್ಲಿ ಬಾಯಿಮಾತಿನಲ್ಲಿ, ಫೋನಿನಲ್ಲಿ ಹೇಳಿದ್ದನ್ನೂ ಅರ್ಜಿ ಎಂದು ಸ್ವೀಕರಿಸಬಹುದು. ಮಕ್ಕಳ ಕೈಲಿ ಬರೆಸುವ ಸಂಕಟ ಬೇಡ. ಆ ಮಂಡಳಿಯಲ್ಲಿ ನ್ಯಾಯಾಧೀಶರು, ವೈದ್ಯರ ಜೊತೆಗೆ ಮಾನಸಿಕ ಕಾಯಿಲೆ ಇದ್ದವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅಥವಾ ಅವರ ಸಂಘಟನೆಯವರಿಗೆ ಎರಡು ಕುರ್ಚಿ ಇಟ್ಟಿದ್ದಾರೆ. ಈ ಕಾಯ್ದೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಆ ಎರಡು ಕುರ್ಚಿ.

ಇಂಥ ಕುರ್ಚಿ ಯಾಕೆ ಬೇಕಾಯಿತು ಎಂಬುದಕ್ಕೆ ಹಿಂದೆ ಹೋದರೆ ತಮಿಳುನಾಡಿನ ಏರ್ವಾಡಿ ಇದೆ. 2001ರ ಆಗಸ್ಟ್ 6ರಂದು ಅಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಒಂದು ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಎದ್ದು ಓಡಲಾಗದೆ ಸತ್ತರು. ಸರಪಳಿ ನೋಯುತ್ತದೆ ಎಂದು ಅವರು ಅದಕ್ಕೂ ಮುಂಚೆ ಕೂಗಿರಲಾರರೇ? ಹುಚ್ಚರ ಕೂಗು ಎಂದು ಕೇಳಿಸಿಕೊಂಡವರು ದಾಟಿಹೋಗಿರಲಾರರೇ?

ದೂರಿಗೆ ಗುರಿಯಾದ ಚಿಕಿತ್ಸಕರ ಬಗ್ಗೆಯೂ ಒಂದು ಮಾತು ಆಡದಿದ್ದರೆ ಅನ್ಯಾಯವಾದೀತು. ಆ ದಿನಗಳಲ್ಲಿ ನನಗೆ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ. ಬೇರೆಯವರ ಜೊತೆ ಮಾತಾಡುವಾಗಲೂ ಪ್ರತಿ ವಾಕ್ಯ ಅಳೆದು ಅಳೆದು ಆಡುತ್ತಿದ್ದೆ, ಅವರಿಗೆ ನನ್ನಿಂದ ಏನೂ ಉಪಯೋಗವಾಗುತ್ತಿರಲಿಲ್ಲ. ಎರಡು ವಾರ ಹೊಸಬರನ್ನು ನೋಡುವುದು ನಿಲ್ಲಿಸಿದೆ. ಹೇಳಿಕೊಳ್ಳಲು ಯಾರಾದರೂ ಬೇಕೇಬೇಕು, ಹೆಸರು ಗುರುತು ಬಿಟ್ಟು. ಹಾಗೆ ಹೇಳಿಕೊಳ್ಳಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಲಿತವರಿಗೆ ಸಹಪಾಠಿಗಳು ಸಿಗುತ್ತಾರೆ. ತಾಲ್ಲೂಕಿನಲ್ಲಿ ಒಬ್ಬರೇ ಕೂತು ಕೆಲಸ ಮಾಡುವವರಿಗೆ ಯಾರಿದ್ದಾರೆ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1980ರ ದಶಕದ ಬಳ್ಳಾರಿಯ ಪ್ರಯೋಗದಿಂದ ಹುಟ್ಟಿ ದೇಶಕ್ಕೆಲ್ಲ ಹಬ್ಬಿದ್ದು, ಆ ಮಟ್ಟಿಗೆ ಅದು ಕರ್ನಾಟಕದ ಕೂಸು. ಕೂಸನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಇನ್ನೂ ಹುಟ್ಟಿಲ್ಲ.

ನನ್ನ ಮೇಲಿನ ದೂರು ಏನಾಯಿತು ಎಂದು ಕೇಳುತ್ತೀರಿ. ಸಂಸ್ಥೆಯ ಕಡತದಲ್ಲಿ ‘ಕ್ಷಮೆ ಕೋರಲಾಗಿದೆ, ಮುಕ್ತಾಯಗೊಳಿಸಲಾಗಿದೆ’ ಎಂದು ಬರೆದರು. ಅವರು ನನ್ನ ಬಳಿಗೆ ಮತ್ತೆ ಬರಲಿಲ್ಲ. ಬರಬೇಕೆಂದೇನೂ ಇಲ್ಲ. ಒಂದು ವರ್ಷದ ಮೇಲೆ ಅವರ ಹೆಂಡತಿ ಒಮ್ಮೆ ಬಂದಿದ್ದರು, ಹಳೆಯ ಚೀಟಿಯೊಂದರ ನಕಲಿಗಾಗಿ. ಒಳಗೆ ಬನ್ನಿ ಎಂದೆ. ಬಾಗಿಲ ಹತ್ತಿರವೇ ನಿಂತರು. ನಕಲು ಕೊಟ್ಟೆ. ಎರಡೂ ಬದಿ ಓದಿ ನೋಡಿ, ಮಡಚಿ, ರವಿಕೆಯೊಳಗೆ ಇಟ್ಟುಕೊಂಡು ಹೋದರು.

ಈ ಉಪನ್ಯಾಸಕ್ಕೆ ದೂರು ಕೊಟ್ಟವರ ಒಪ್ಪಿಗೆ ಕೇಳುವಾಗ ಊರಿನ ಯಾರ ಮೂಲಕವೂ ಹೇಳಿಕಳಿಸಲಿಲ್ಲ. ಅವರು ಈಗ ಹೋಗುವ ವೈದ್ಯರ ಕೈಲಿ ಅಂಟಿಸಿದ ಲಕೋಟೆ ಕೊಟ್ಟೆ, ಬೇಡ ಎನ್ನಲು ಒಂದು ತಿಂಗಳು ಸಮಯವಿದೆ ಎಂದು ಬರೆದಿದ್ದೆ. ಇಪ್ಪತ್ತನೇ ದಿನ ಫೋನು ಮಾಡಿದರು.

ಆ ಟೀ ಅಂಗಡಿಗೆ ಈಗಲೂ ಹೋಗುತ್ತೇನೆ. ಬಸ್ಸು ತಡ, ಬೇರೆ ಅಂಗಡಿ ಇಲ್ಲ. ‘ಯಾರ್ ಮನ ಕಡ ಬಂದಿದ್ರಿ ಅವ್ವಾರ?’ ಎಂದು ಬೆಂಚಿನ ಮೇಲಿನವರು ಕೇಳುತ್ತಾರೆ. ಟೀಗೆ ಇವತ್ತು ಶುಂಠಿ ಚೆನ್ನಾಗಿ ಬಿದ್ದಿದೆ ಎನ್ನುತ್ತೇನೆ.